ಮೈಸೂರಿನ ತಾರಸಿಯ ಮೇಲೆ 3 ಕಿಲೋವ್ಯಾಟ್ ಸೌರ ವಿದ್ಯುತ್: ಒಂದು ವರ್ಷದ ಕೆಲಸದ ಟಿಪ್ಪಣಿ

ನವೆಂಬರ್ 2024

ಮನೆಯ ಮೇಲೆ ಸೌರ ಫಲಕ ಕೂರಿಸುವ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಯಾವ ಕಂಪನಿಯ ಪ್ಯಾನೆಲ್, ಒಟ್ಟು ಎಷ್ಟು ಖರ್ಚು ಎಂಬ ಎರಡೇ ಪ್ರಶ್ನೆ. ನನ್ನ ಲೆಕ್ಕದಲ್ಲಿ ಇವೆರಡೂ ಕೊನೆಗೆ ಬರಬೇಕಾದವು. ಮೊದಲು ನೋಡಬೇಕಾದ್ದು ಬಿಲ್ಲು, ಆಮೇಲೆ ನೆರಳು, ಅನಂತರ ತಾರಸಿ. ಆದ್ದರಿಂದ ಒಂದು ವರ್ಷದ ವಿದ್ಯುತ್ ಬಿಲ್ಲುಗಳನ್ನು ಒಟ್ಟುಗೂಡಿಸಿ, ತಿಂಗಳುವಾರು ಯೂನಿಟ್‌ಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಕೆಲಸ ಆರಂಭಿಸಿದ್ದೇನೆ. ನಮ್ಮ ಮನೆಯ ಬಳಕೆ ತಿಂಗಳಿಗೆ ಸುಮಾರು 340 ಯೂನಿಟ್. ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚು.

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ಹಿಂದಿನ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿದಷ್ಟು, ಗರಿಷ್ಠ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. 200 ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಈಗಾಗಲೇ ಶೂನ್ಯ ಬಿಲ್ಲು ಬರುತ್ತಿರುವ ಮನೆಯವರು ಫಲಕ ಹಾಕಿಸಿದರೆ ಉಳಿಸುವುದಕ್ಕೆ ಹಣವೇ ಇರುವುದಿಲ್ಲ. ಎದುರು ಮನೆಯ ಹಿರಿಯರೊಬ್ಬರಿಗೆ ಇದನ್ನೇ ಹೇಳಿದೆ. ಅವರ ಬಳಕೆ 120 ಯೂನಿಟ್ ಕೂಡ ಮುಟ್ಟುವುದಿಲ್ಲ. ನಮ್ಮಂತೆ ಪ್ರತಿ ತಿಂಗಳೂ 200 ದಾಟುವವರಿಗೆ ಮಾತ್ರ ಮುಂದಿನ ಲೆಕ್ಕಗಳು ಅನ್ವಯಿಸುತ್ತವೆ.

ಗಾತ್ರದ ಪ್ರಶ್ನೆ ತಿಂಗಳ ಬಳಕೆಯ ಲೆಕ್ಕದಿಂದಲೇ ಇತ್ಯರ್ಥವಾಗುತ್ತದೆ. ದಕ್ಷಿಣ ಕರ್ನಾಟಕದ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಎಂದರೆ ತಿಂಗಳಿಗೆ 360 ಯೂನಿಟ್‌ನ ಆಸುಪಾಸು. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನವೂ ಇದೇ ಗಾತ್ರಕ್ಕೆ ಹೊಂದುವಂತಿದೆ: ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000. ನಾಲ್ಕನೆಯ ಕಿಲೋವ್ಯಾಟ್‌ಗೆ ಒಂದು ರೂಪಾಯಿಯೂ ಹೆಚ್ಚಿಗೆ ಸಿಗದು. ಇರಲಿ ಎಂದು 5 ಕಿಲೋವ್ಯಾಟ್ ಹಾಕಿಸಿ ಎನ್ನುವ ಮಾರಾಟಗಾರರ ಸಲಹೆಯನ್ನು ಒಪ್ಪುವ ಮುನ್ನ ಈ ಅಂಕಿಗಳನ್ನು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು.

ಕಾಗದಪತ್ರದ ಕೆಲಸವನ್ನೂ ಈ ತಿಂಗಳೇ ಹಿಡಿದೆ. ನಮ್ಮ ಮನೆಯ ಆರ್‌ಆರ್ ಸಂಖ್ಯೆ, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆ, ಇನ್ನೂ ತಂದೆಯವರ ಹೆಸರಿನಲ್ಲಿದೆ. ಅರ್ಜಿ, ವಿದ್ಯುತ್ ಬಿಲ್ಲು ಮತ್ತು ಸಹಾಯಧನ ಜಮೆಯಾಗುವ ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ಇರಬೇಕಾದ್ದರಿಂದ, ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಸಂಪರ್ಕದ ಹೆಸರು ಬದಲಾಗುವವರೆಗೆ ಯೋಜನೆಯ ಅರ್ಜಿ ಪೋರ್ಟಲ್ ಕಡೆ ತಲೆ ಹಾಕದಿರಲು ನಿರ್ಧರಿಸಿದೆ. ಜೊತೆಗೆ ಮಂಜೂರಾದ ಲೋಡನ್ನು, ಅಂದರೆ ನಮ್ಮ ಸಂಪರ್ಕಕ್ಕೆ ಒಪ್ಪಿದ ಗರಿಷ್ಠ ಸಾಮರ್ಥ್ಯವನ್ನು, 3 ಕಿಲೋವ್ಯಾಟ್‌ಗೆ ಏರಿಸಲು ಅದೇ ಕಚೇರಿಯಲ್ಲಿ ಅರ್ಜಿ ಕೊಟ್ಟಾಯಿತು.

ಡಿಸೆಂಬರ್ 2024

ಇಡೀ ಕೆಲಸದಲ್ಲಿ ನಾನು ಹೆಚ್ಚು ಸಮಯ ಕೊಟ್ಟದ್ದು ನೆರಳಿಗೆ. ಡಿಸೆಂಬರ್ 21ರ ಸುಮಾರಿಗೆ ಮೈಸೂರಿನಲ್ಲಿ ನಡುಮಧ್ಯಾಹ್ನದ ಸೂರ್ಯನೂ 54 ಡಿಗ್ರಿಗಿಂತ ಮೇಲೇರುವುದಿಲ್ಲ. ವರ್ಷದ ಮಧ್ಯಾಹ್ನದ ನೆರಳುಗಳಲ್ಲಿ ಅತ್ಯಂತ ಉದ್ದನೆಯವು ಆಗಲೇ ಬೀಳುತ್ತವೆ. ಹಾಗಾಗಿ ತಾರಸಿಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಬೆಳಿಗ್ಗೆ ಒಂಬತ್ತೂವರೆ, ಹನ್ನೆರಡೂವರೆ, ಮೂರೂವರೆ ಎಂದು ಮೂರು ಹೊತ್ತು ಗೊತ್ತುಮಾಡಿಕೊಂಡು, ನೆಲದ ಮೇಲೆ ಬೀಳುವ ನೆರಳಿನ ಅಂಚನ್ನು ಸೀಮೆಸುಣ್ಣದಿಂದ ಗೆರೆ ಎಳೆದು ಗುರುತಿಸಿದೆ. ಬೆಳಗಿನ ಆ ಹೊತ್ತಿನಲ್ಲಿ ಸೂರ್ಯ ಸುಮಾರು 35 ಡಿಗ್ರಿ ಎತ್ತರದಲ್ಲಿರುವುದರಿಂದ ಯಾವುದೇ ವಸ್ತುವಿನ ನೆರಳು ಅದರ ಎತ್ತರದ ಸುಮಾರು 1.4 ಪಟ್ಟು ಉದ್ದಕ್ಕೆ ಚಾಚುತ್ತದೆ. ಮೂರು ಅಡಿಯ ಪ್ಯಾರಾಪೆಟ್ ಗೋಡೆ ನಾಲ್ಕೂಕಾಲು ಅಡಿಯಷ್ಟು ಜಾಗವನ್ನು ನುಂಗುತ್ತದೆ.

ಆದರೆ ಡಿಸೆಂಬರ್ ಮಾತ್ರ ನೋಡಿದರೆ ಸಾಲದು ಎಂಬುದನ್ನು ನಮ್ಮ ಅಕ್ಷಾಂಶದವರು ಮರೆಯುತ್ತಾರೆ. ಮೈಸೂರು ಇರುವುದು 12.3 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ 22ರ ಸುಮಾರಿನಿಂದ ಆಗಸ್ಟ್ 20ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮೆಟ್ಟಿಲ ಕೋಣೆ ಉತ್ತರದಲ್ಲಿದೆ, ಅದರಿಂದ ತೊಂದರೆಯಿಲ್ಲ ಎಂದು ಫಲಕಗಳನ್ನು ಅದಕ್ಕೆ ಒತ್ತಿಕೊಂಡೇ ಹಾಕಿಸಿದವರಿಗೆ ಜೂನ್‌ನಲ್ಲಿ ಮೇಲಿನ ಸಾಲಿನ ಅಂಚಿಗೆ ನೆರಳು ತಾಗುವುದು ಇದೇ ಕಾರಣಕ್ಕೆ. ಎಂಟು ಅಡಿ ಎತ್ತರದ ಕೋಣೆಯ ನೆರಳು ಜೂನ್ ಮಧ್ಯಾಹ್ನದಲ್ಲಿ ಒಂದೂವರೆ ಅಡಿಯಷ್ಟೇ ಆದರೂ ಬೆಳಿಗ್ಗೆ ಮತ್ತು ಸಂಜೆ ಅದು ಇನ್ನೂ ಉದ್ದವಿರುತ್ತದೆ. ನಾನು ಆ ಕೋಣೆಯಿಂದ ನಾಲ್ಕು ಅಡಿ ಬಿಟ್ಟಿದ್ದೇನೆ.

ಇಷ್ಟೊಂದು ನೆರಳಿನ ಲೆಕ್ಕ ಏಕೆ ಎಂದು ಕೇಳುವವರಿದ್ದಾರೆ. ಮನೆಯ ವ್ಯವಸ್ಥೆಯಲ್ಲಿ ಫಲಕಗಳನ್ನು ಸಾಮಾನ್ಯವಾಗಿ ಸರಣಿಯಲ್ಲಿ ಜೋಡಿಸುತ್ತಾರೆ, ಎಲ್ಲದರಲ್ಲೂ ಒಂದೇ ವಿದ್ಯುತ್ ಪ್ರವಾಹ ಹರಿಯಬೇಕು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ನಿಧಾನದ್ದು ಇನ್ನೊಂದರ ನಡೆಯನ್ನೂ ತಗ್ಗಿಸುವಂತೆ, ನೆರಳು ಬಿದ್ದ ಫಲಕ ಉಳಿದವನ್ನೂ ಹಿಂದಕ್ಕೆ ಎಳೆಯುತ್ತದೆ. ಅದನ್ನು ತಪ್ಪಿಸಲೆಂದು ಪ್ರತಿ ಫಲಕದಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ. ಅವುಗಳ ಮೂಲಕ ನೆರಳಾದ ಭಾಗವನ್ನು ಬದಿಗೆ ಬಿಟ್ಟು ಪ್ರವಾಹ ಮುಂದೆ ಹೋಗುತ್ತದೆ, ಆದರೆ ಕೈಯಗಲದ ನೆರಳಿಗೂ ಫಲಕದ ಮೂರನೇ ಒಂದು ಭಾಗದ ಉತ್ಪಾದನೆ ಹೋಗಬಹುದು. ನಮ್ಮ ತಾರಸಿಯ ಆಗ್ನೇಯಕ್ಕೆ ಪಕ್ಕದವರ ತೆಂಗಿನ ಮರವಿದೆ. ಅದರ ಗರಿಗಳ ನೆರಳು ಬೆಳಗಿನ ಹತ್ತು ಗಂಟೆಯವರೆಗೆ ಒಂದು ಮೂಲೆಯನ್ನು ಬಿಡುವುದಿಲ್ಲ. ಮರ ಕಡಿಸಿ ಎಂದು ಸಲಹೆ ಕೊಟ್ಟವರೂ ಇದ್ದಾರೆ. ಫಲ ಕೊಡುವ ಮರವನ್ನು ಯೂನಿಟ್‌ಗಾಗಿ ಕಡಿಸುವುದು ನನಗೆ ಸಮ್ಮತವಲ್ಲ, ಅದು ನಮ್ಮ ಮರವೂ ಅಲ್ಲ. ಆ ಮೂಲೆಯನ್ನೇ ಬಿಟ್ಟುಕೊಟ್ಟೆ.

ದಕ್ಷಿಣದ ಪಕ್ಕದ ಸೈಟು ಖಾಲಿಯಿದ್ದರೆ ಅಲ್ಲಿ ಮುಂದೊಂದು ದಿನ ಮೂರು ಅಂತಸ್ತು ಏಳುತ್ತದೆ ಎಂದೇ ಲೆಕ್ಕ ಹಾಕಬೇಕು, ಏಕೆಂದರೆ ಫಲಕಗಳ ಬಾಳಿಕೆ 25 ವರ್ಷ. ನಮ್ಮ ಅದೃಷ್ಟಕ್ಕೆ ದಕ್ಷಿಣದಲ್ಲಿ ರಸ್ತೆಯಿದೆ.

ಜನವರಿ 2025

ಹೆಸರು ವರ್ಗಾವಣೆ ಮುಗಿಯಿತು, ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದೆ. 10 ಕಿಲೋವ್ಯಾಟ್‌ವರೆಗಿನ ಅರ್ಜಿಗಳಿಗೆ ತಾಂತ್ರಿಕ ಸಾಧ್ಯತಾ ಪರೀಕ್ಷೆಯ ಅಗತ್ಯವಿಲ್ಲ ಎಂದು 2024ರಲ್ಲಿ ನಿಯಮ ಬದಲಾದ ಮೇಲೆ ಈ ಹಂತ ಹಗುರವಾಗಿದೆ.

ದರಪಟ್ಟಿಗಳನ್ನು ಹೋಲಿಸುವಾಗ ಒಟ್ಟು ಮೊತ್ತದ ಕಡೆ ನೋಡದೆ ಸಾಲು ಸಾಲಾಗಿ ಓದಿದೆ. ಸಹಾಯಧನ ಬೇಕೆಂದರೆ ಫಲಕದೊಳಗೆ ವಿದ್ಯುತ್ ಉತ್ಪಾದಿಸುವ ಕೋಶ ಮತ್ತು ಫಲಕ ಎರಡೂ ಭಾರತದಲ್ಲೇ ತಯಾರಾದ, ಡಿಸಿಆರ್ ಎಂದು ಕರೆಯುವ ವರ್ಗದವೇ ಆಗಬೇಕು. ಇವುಗಳ ಬೆಲೆ ಹೊರಗಿನ ಕೋಶಗಳ ಫಲಕಕ್ಕಿಂತ ಹೆಚ್ಚು. ಹೀಗಾಗಿ ಅತಿ ಕಡಿಮೆ ದರ ಬರೆದವರನ್ನು ಡಿಸಿಆರ್ ಪ್ರಮಾಣಪತ್ರ ಕೊಡುತ್ತೀರಾ ಎಂದು ಮೊದಲೇ ಕೇಳಬೇಕು. ನಾನು ಆರಿಸಿಕೊಂಡದ್ದು 540 ವ್ಯಾಟ್‌ನ ಆರು ಮೋನೋ ಪರ್ಕ್ (ಒಂದು ಬಗೆಯ ಸಿಲಿಕಾನ್ ಕೋಶದ) ಫಲಕ ಮತ್ತು ಫಲಕದ ಡಿಸಿ ವಿದ್ಯುತ್ತನ್ನು ಮನೆ ಬಳಕೆಯ ಎಸಿ ವಿದ್ಯುತ್ತಾಗಿ ಬದಲಿಸುವ ಒಂದು 3 ಕಿಲೋವ್ಯಾಟ್ ಇನ್ವರ್ಟರ್. ಪ್ರತಿ ಫಲಕ ಸುಮಾರು ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ, 28 ಕಿಲೋ ತೂಕ. ಓಡಾಡುವ ಜಾಗ ಸೇರಿ ಇನ್ನೂರೈವತ್ತು ಚದರ ಅಡಿ ಇದ್ದರೆ ನೆಮ್ಮದಿ.

ತಾರಸಿ ಸೋರುವುದಿಲ್ಲವೇ ಎಂಬುದು ಮನೆಯವರೆಲ್ಲರ ಆತಂಕ, ಅದು ನ್ಯಾಯವಾದದ್ದೇ. ಮೋಲ್ಡಿಗೆ ತೂತು ಕೊರೆದು ಬೋಲ್ಟ್ ಹಾಕುವ ಬದಲು ಕಾಂಕ್ರೀಟ್ ಗಟ್ಟಿಗಳ ಭಾರದಿಂದಲೇ ಚೌಕಟ್ಟನ್ನು ನಿಲ್ಲಿಸಬಹುದು, ಆದರೆ ಆಗ ಫಲಕಗಳು ತಾರಸಿಗೆ ತೀರ ಹತ್ತಿರವಿರಬೇಕು. ನಮಗೆ ಕೆಳಗೆ ಬಟ್ಟೆ ಒಣಹಾಕುವುದಕ್ಕೂ ಬೇಸಿಗೆಯಲ್ಲಿ ಸಂಡಿಗೆ ಹಪ್ಪಳಕ್ಕೂ ಓಡಾಡುವ ಜಾಗ ಬೇಕಾದ್ದರಿಂದ ಏಳೂವರೆ ಅಡಿ ಎತ್ತರದ ಚೌಕಟ್ಟನ್ನು ಒಪ್ಪಿಕೊಂಡೆವು. ಎತ್ತರ ಹೆಚ್ಚಿದಷ್ಟೂ ಗಾಳಿ ಫಲಕವನ್ನು ಕೆಳಗಿನಿಂದ ಎತ್ತುವ ಬಲ ಹೆಚ್ಚುತ್ತದೆ. ಗಾಳಿಯ ಹೊರೆಗೆ ಸಂಬಂಧಿಸಿದ ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಕರಾವಳಿಯ ಮಂಗಳೂರಿಗೆ 39 ಮೀಟರ್ ಗಾಳಿಯ ಮೂಲವೇಗವನ್ನು ಲೆಕ್ಕಕ್ಕೆ ಹಿಡಿದಿದ್ದಾರೆ. ಊರಿಗೆ ತಕ್ಕಂತೆ ಚೌಕಟ್ಟು ಬದಲಾಗಬೇಕು ಎಂಬುದಕ್ಕೆ ಇಷ್ಟು ಸಾಕು. ಬಿಸಿ ಸತುವಿನಲ್ಲಿ ಅದ್ದಿದ, 80 ಮೈಕ್ರಾನ್ ಲೇಪದ ಉಕ್ಕನ್ನೇ ಕರಾರಿನಲ್ಲಿ ಬರೆಸಿದೆ. ಕಂಬದ ಬುಡಗಳಿಗೆ ರಾಸಾಯನಿಕ ಅಂಟಿನ ಆಂಕರ್, ಅದರ ಸುತ್ತ ಕಾಂಕ್ರೀಟ್ ಕಟ್ಟೆ, ಮೇಲೆ ಜಲನಿರೋಧಕ ಲೇಪ, ಈ ಮೂರೂ ಒಂದೇ ಗುತ್ತಿಗೆದಾರರ ಜವಾಬ್ದಾರಿ ಎಂಬುದೂ ಬರಹದಲ್ಲಿದೆ.

ಹಳೆಯ ಸೋಲಾರ್ ವಾಟರ್ ಹೀಟರನ್ನು ತೆಗೆದು ಆ ಜಾಗವನ್ನೂ ಬಳಸಿಕೊಳ್ಳಿ ಎಂಬ ಸೂಚನೆಯನ್ನು ಒಪ್ಪಲಿಲ್ಲ. ಫಲಕ ಬಿಸಿಲಿನ ಐದನೇ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿಸುತ್ತದೆ. ಸ್ನಾನದ ನೀರು ಕಾಯಿಸಲು ನೇರ ಬಿಸಿಲೇ ಲಾಭಕರ.

ಫೆಬ್ರವರಿ 2025

ಚೌಕಟ್ಟು ನಿಂತಿತು, 12 ಡಿಗ್ರಿ ಓರೆಯಲ್ಲಿ ದಕ್ಷಿಣಕ್ಕೆ ಮುಖಮಾಡಿ ಫಲಕಗಳು ಕೂತವು. ಇನ್ನೂ ಚಪ್ಪಟೆಯಾಗಿ ಇಡಬಹುದಿತ್ತು, ಉತ್ಪಾದನೆಯಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಆದರೆ ಮಳೆಯ ನೀರು ಧೂಳನ್ನು ತೊಳೆದು ಇಳಿಯಲು ಈ ಓರೆ ಬೇಕು.

ವೈರಿಂಗ್ ನಡೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಆರು ಫಲಕಗಳ ಸರಣಿಯಲ್ಲಿ ಮುನ್ನೂರು ವೋಲ್ಟ್‌ನ ಹತ್ತಿರದ ಡಿಸಿ ವಿದ್ಯುತ್ ಇರುತ್ತದೆ, ಬಿಸಿಲಿರುವವರೆಗೆ ಅದನ್ನು ಯಾವ ಸ್ವಿಚ್ಚೂ ಫಲಕದಲ್ಲೇ ಆರಿಸಲಾರದು. ಆದ್ದರಿಂದ ಮನೆಯಲ್ಲಿರುವ ಎಲೆಕ್ಟ್ರಿಷಿಯನ್‌ಗಿರಿಯ ಉತ್ಸಾಹವನ್ನು ಇಲ್ಲಿ ತೋರಿಸಬಾರದು. ಅರ್ಥಿಂಗ್‌ಗೆ ಮೂರು ಗುಂಡಿ ತೆಗೆದರು: ಎಸಿ ಕಡೆಗೊಂದು, ಡಿಸಿ ಕಡೆಗೊಂದು, ಸಿಡಿಲು ನಿರೋಧಕಕ್ಕೆ ಪ್ರತ್ಯೇಕವಾಗಿ ಇನ್ನೊಂದು. ಮೂರನ್ನೂ ಒಂದಕ್ಕೇ ಸೇರಿಸಿ ಮುಗಿಸುವ ಅವಸರವನ್ನು ಹಲವೆಡೆ ಕಂಡಿದ್ದೇನೆ. ಮೈಸೂರಿನಂಥ, ಭರಣಿ ಮಳೆ ಸಿಡಿಲಿನೊಂದಿಗೇ ಬರುವ ಊರಿನಲ್ಲಿ ಅಲ್ಲಿ ಉಳಿಸುವ ಕೆಲವು ಸಾವಿರಕ್ಕೆ ಅರ್ಥವಿಲ್ಲ.

ಒಳಬರುವ, ಹೊರಹೋಗುವ ವಿದ್ಯುತ್ ಎರಡನ್ನೂ ಬೇರೆಬೇರೆ ಅಳೆಯುವ ದ್ವಿಮುಖ ಮೀಟರ್ ಬರುವವರೆಗೆ ವ್ಯವಸ್ಥೆಯನ್ನು ಚಾಲೂ ಮಾಡಲಿಲ್ಲ. ಹಳೆಯ ಮೀಟರ್ ಇರುವಾಗಲೇ ಚಾಲೂ ಮಾಡಿದರೆ, ಹೊರಹೋಗುವ ವಿದ್ಯುತ್ತನ್ನೂ ಅದು ಬಳಕೆಯೆಂದು ದಾಖಲಿಸುವ ಸಂಭವವಿದೆ.

ಫಲಕವಿದ್ದರೂ ಕರೆಂಟು ಹೋದಾಗ ನಮ್ಮ ಮನೆಯೂ ಕತ್ತಲಾಗುವುದು ನೋಡುವವರಿಗೆ ಅತ್ಯಂತ ವಿಚಿತ್ರವೆನಿಸುತ್ತದೆ. ಬ್ಯಾಟರಿಯಿಲ್ಲದ ಆನ್‌ಗ್ರಿಡ್ (ಹೊರಗಿನ ವಿದ್ಯುತ್ ಜಾಲಕ್ಕೆ ಜೋಡಿಸಿದ) ಇನ್ವರ್ಟರ್ ಆ ಜಾಲದ ವೋಲ್ಟೇಜನ್ನು ಅನುಸರಿಸಿಯೇ ನಡೆಯುತ್ತದೆ, ಜಾಲ ಸತ್ತರೆ ತಾನೂ ನಿಲ್ಲುತ್ತದೆ. ಇಲ್ಲದಿದ್ದರೆ ಕಂಬದ ಮೇಲೆ ರಿಪೇರಿಗೆ ಹತ್ತಿದ ಲೈನ್‌ಮನ್‌ನ ಜೀವಕ್ಕೆ ನಮ್ಮ ತಾರಸಿಯ ವಿದ್ಯುತ್ತೇ ಸಂಚಕಾರ ತರುತ್ತದೆ. ಹಳೆಯ ಯುಪಿಎಸ್ ಹಾಗೆಯೇ ಇದೆ, ದೀಪ ಮತ್ತು ಫ್ಯಾನಿಗೆ ಸಾಕು.

ಏಪ್ರಿಲ್ 2025

ಮಾರ್ಚ್‌ನಲ್ಲಿ ಒಳ್ಳೆಯ ದಿನಗಳಂದು 15, 16 ಯೂನಿಟ್ ಬಂದಿತ್ತು. ಏಪ್ರಿಲ್‌ನಲ್ಲಿ ಬಿಸಿಲು ಇನ್ನಷ್ಟು ಪ್ರಖರವಾದರೂ ಉತ್ಪಾದನೆ ಏರಲಿಲ್ಲ. ಕಾರಣ ಸರಳ: ಫಲಕಕ್ಕೆ ಬೇಕಾದ್ದು ಬೆಳಕು, ಶಾಖವಲ್ಲ. ಫಲಕದ ವ್ಯಾಟ್ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿಯಲ್ಲಿ. ಅದಕ್ಕಿಂತ ಮೇಲೆ ಪ್ರತಿ ಡಿಗ್ರಿಗೆ ಶೇಕಡಾ 0.35ರಷ್ಟು ಶಕ್ತಿ ಇಳಿಯುತ್ತದೆ. ಮಧ್ಯಾಹ್ನ ಕೋಶಗಳು 60 ಡಿಗ್ರಿ ಮುಟ್ಟಿದರೆ ಶೇಕಡಾ 12ರಷ್ಟು ಅಲ್ಲೇ ಹೋಯಿತು. ಎತ್ತರದ ಚೌಕಟ್ಟಿನಡಿ ಗಾಳಿಯಾಡುವುದರಿಂದ ಈ ನಷ್ಟ ಕೊಂಚ ತಗ್ಗುತ್ತದೆ, ಕೆಳಗಿನ ಕೋಣೆಯೂ ಮೊದಲಿಗಿಂತ ತಂಪಾಗಿದೆ.

ಸಹಾಯಧನ ಖಾತೆಗೆ ಜಮೆಯಾಯಿತು. ಅದನ್ನು ಕಳೆದು ನಮ್ಮ ಕೈಯಿಂದ ಬಿದ್ದದ್ದು ಸುಮಾರು 1,20,000 ರೂಪಾಯಿ.

ಜುಲೈ 2025

ಆಷಾಢದ ಗಾಳಿಗೆ ಚೌಕಟ್ಟು ಅಲುಗಲಿಲ್ಲ, ಬೋಲ್ಟುಗಳನ್ನು ಒಮ್ಮೆ ಬಿಗಿ ಮಾಡಿಸಿದ್ದಾಯಿತು. ಮೋಡದ ದಿನಗಳಲ್ಲಿ ಉತ್ಪಾದನೆ 9, 10 ಯೂನಿಟ್‌ಗೆ ಇಳಿದಿದೆ. ದಿನವಿಡೀ ಜಡಿಮಳೆಯಾದರೆ 5 ಕೂಡ ಕಷ್ಟ.

ಬಿಲ್ಲು ಪೂರ್ತಿ ಸೊನ್ನೆಯಾಗುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ, ಇಲ್ಲ. ಈ ಏಪ್ರಿಲ್‌ನಿಂದ ಗೃಹಬಳಕೆಯ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿದಿದೆ, ಆದರೆ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145ಕ್ಕೆ ಏರಿದೆ. ಫಲಕವಿರುವವರ ಪಾಲಿಗೆ ಇದು ಎರಡು ಕಡೆಯಿಂದಲೂ ನಷ್ಟ: ಉಳಿಸುವ ಯೂನಿಟ್‌ನ ಬೆಲೆ ಇಳಿಯಿತು, ಉಳಿಸಲಾಗದ ಶುಲ್ಕ ಏರಿತು. 3 ಕಿಲೋವ್ಯಾಟ್ ಮಂಜೂರಾತಿಗೆ 435 ರೂಪಾಯಿಯನ್ನು ಬಿಸಿಲಿರಲಿ ಮಳೆಯಿರಲಿ ಕಟ್ಟಲೇಬೇಕು. ಇದನ್ನೆಲ್ಲ ಸೇರಿಸಿ, ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿದರೆ ವರ್ಷಕ್ಕೆ 24ರಿಂದ 26 ಸಾವಿರ ಉಳಿಯಬಹುದು. ಹಾಕಿದ ಹಣ ಐದು ವರ್ಷದ ಸುಮಾರಿಗೆ ಮರಳುತ್ತದೆ. ಮೂರು ವರ್ಷದಲ್ಲೇ ಬರುತ್ತದೆ ಎನ್ನುವ ಜಾಹೀರಾತನ್ನು ನಾನು ನಂಬುವುದಿಲ್ಲ.

ಅಕ್ಟೋಬರ್ 2025

ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿರುವುದರಿಂದ ಈಗ ಹಾಕಿಸುವವರು ಹಳೆಯ ದರಪಟ್ಟಿಯನ್ನು ಒಪ್ಪಬಾರದು. ಸಾಮಗ್ರಿ ಮತ್ತು ಸೇವೆಯನ್ನು 70 ಹಾಗೂ 30ರ ಪಾಲಿನಲ್ಲಿ ವಿಂಗಡಿಸಿ, ಸೇವೆಯ ಪಾಲಿಗೆ ಶೇಕಡಾ 18 ಹಾಕುವುದರಿಂದ ಒಟ್ಟು ತೆರಿಗೆ ಶೇಕಡಾ 13.8ರಿಂದ 8.9ಕ್ಕೆ ಬರುತ್ತದೆ.

ತೊಳೆಯುವ ಕೆಲಸ ಬೆಳಗಿನ ಜಾವದಲ್ಲೇ ಆಗಬೇಕು. ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ಬೋರ್‌ವೆಲ್ ನೀರು ಬಿಳಿ ಕಲೆ ಬಿಡುವುದರಿಂದ ಸಂಪಿನಲ್ಲಿರುವ ಕಾವೇರಿ ನೀರನ್ನೇ ಬಳಸುತ್ತೇನೆ, ಉದ್ದ ಹಿಡಿಯ ಮೆತ್ತನೆಯ ಬ್ರಷ್ ಸಾಕು, ಸೋಪು ಬೇಡ. ಕಪಿಗಳು ಫಲಕದ ಮೇಲೆ ಕೂರುವುದರಿಂದ ಇದುವರೆಗೆ ಹಾನಿಯಾಗಿಲ್ಲ, ಆದರೆ ಕೇಬಲ್‌ಗಳನ್ನು ಅವು ಎಳೆಯದಂತೆ ಕೊಳವೆಯೊಳಗೆ ಸಾಗಿಸಿರುವುದು ಒಳ್ಳೆಯದಾಯಿತು.

ಹೊರಗೆ ಕಳಿಸುವ ಹೆಚ್ಚುವರಿ ಯೂನಿಟ್‌ಗೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಗೊತ್ತುಮಾಡಿದ ಬೆಲೆ, ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಆದ್ದರಿಂದ ವಿದ್ಯುತ್ ಮಾರಿ ಸಂಪಾದಿಸುವ ಆಸೆಯಿಂದ ಇನ್ನೆರಡು ಫಲಕ ಸೇರಿಸುವ ಯೋಚನೆಯನ್ನು ಕೈಬಿಟ್ಟಿದ್ದೇನೆ. 3 ಕಿಲೋವ್ಯಾಟ್ ಇನ್ವರ್ಟರಿಗೆ 3.24 ಕಿಲೋವ್ಯಾಟ್ ಫಲಕಗಳೇ ಸಾಕು, ಹೆಚ್ಚಿಸಬೇಕೆಂದರೆ ಇನ್ವರ್ಟರ್, ಮಂಜೂರಾದ ಲೋಡ್, ಅರ್ಜಿ ಎಲ್ಲವೂ ಹೊಸದಾಗಿ ಆಗಬೇಕು. ವಿದ್ಯುತ್ ಸ್ಕೂಟರ್ ಬಂದರೆ ಮಾತ್ರ ಈ ಲೆಕ್ಕವನ್ನು ಮತ್ತೆ ತೆಗೆಯುತ್ತೇನೆ.