ಸಾಕು ಮಗಾ

"ಬಿಸಿ ಸಾಕಾ ಅಜ್ಜಿ?"

"ಸಾಕು ಮಗಾ."

ಈ ಭಾನುವಾರ ಆರಾಧನೆ ಮುಗಿಸಿ ಕುಷ್ಠರೋಗಿಗಳ ಆಶ್ರಮಕ್ಕೆ ಸೇವೆಗೆಂದು ಬಂದಿದ್ದ ಹುಡುಗಿಗೂ ಅಲ್ಲಿನ ಅಜ್ಜಿಗೂ ನಡೆದ ಮಾತು ಇಷ್ಟೇ. ಕಾಲು ತೊಳೆಯಲು ತಂದ ಬಿಸಿನೀರಿಗೆ ಅಜ್ಜಿ ಕಾಲಿನ ಹೆಬ್ಬೆರಳು ಅದ್ದಿಯೇ ಹಾಗೆ ಹೇಳಿದ್ದು. ಅಷ್ಟರಲ್ಲಿ ಸಿಸ್ಟರ್ ಬಂದು ಬೋಗುಣಿಗೆ ಮೊಣಕೈ ತಾಗಿಸಿ ನೋಡಿದರು, ಏನೂ ಬೈಯದೆ ನೀರು ಚೆಲ್ಲಿಸಿದರು. ಪಾದ ಪೂರ್ತಿ ಇಳಿದಿದ್ದರೆ ಬೊಬ್ಬೆ ಏಳುತ್ತಿತ್ತು, ಅಜ್ಜಿಗೆ ಗೊತ್ತೇ ಆಗುತ್ತಿರಲಿಲ್ಲ.

ಅಜ್ಜಿಯ ರೋಗ ಎಂದೋ ವಾಸಿಯಾಗಿದೆ. ಬಹುಔಷಧ ಚಿಕಿತ್ಸೆ 6 ಅಥವಾ 12 ತಿಂಗಳಲ್ಲಿ ಮುಗಿಯುತ್ತದೆ. ಆದರೆ ಸತ್ತುಹೋದ ನರಕ್ಕೆ ಮತ್ತೆ ಜೀವ ಬರುವುದಿಲ್ಲ. ಅಂಗಾಲು ಮರಗಟ್ಟುತ್ತದೆ, ಬೆವರು ನಿಲ್ಲುತ್ತದೆ, ಚರ್ಮ ಒಣಗಿ ಬಿರಿಯುತ್ತದೆ. ಬಿರುಕಿಗೆ ಮಣ್ಣು ಸೇರಿದರೆ ಹುಣ್ಣು. ಬೆರಳು ತಾನಾಗಿ ಉದುರುವುದಿಲ್ಲ, ನೋವು ತಿಳಿಯದ ಗಾಯ ಮತ್ತು ಸೋಂಕು ಅದನ್ನು ಸವೆಸುತ್ತವೆ. 1946ರಲ್ಲಿ ವೆಲ್ಲೂರಿಗೆ ಬಂದ ಮಿಷನರಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಇದನ್ನು ತೋರಿಸಿಕೊಟ್ಟರೂ ಜನರ ಬಾಯಲ್ಲಿ ಇನ್ನೂ ಹಳೆಯ ಮಾತೇ ಇದೆ.

ಹಾಗಾಗಿ ನೀರು ಕಾಯಿಸಲೇಬಾರದು. ತಣ್ಣೀರೇ ಸಾಕು, ಉಪ್ಪು ಬೇಡ, ಸೋಪೂ ಬೇಡ. 20 ನಿಮಿಷ ನೆನೆಸಿ, ಜಡ್ಡುಗಟ್ಟಿದ ಚರ್ಮವನ್ನು ದೊರಗು ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ಬ್ಲೇಡು ಮುಟ್ಟಬಾರದು. ಬೆರಳ ಸಂದುಗಳನ್ನಷ್ಟೇ ಒರೆಸಿ, ಉಳಿದ ಚರ್ಮ ಒದ್ದೆ ಇರುವಾಗಲೇ ತೆಂಗಿನೆಣ್ಣೆ ಸವರಬೇಕು. ಆರಿದ ಮೇಲೆ ಹಚ್ಚಿದರೆ ಒಳಗೆ ಹಿಡಿಸಿಕೊಳ್ಳಲು ನೀರೇ ಇರುವುದಿಲ್ಲ. ಆಮೇಲೆ ಅಂಗೈಯ ಹಿಂಬದಿಯಿಂದ ಪಾದವನ್ನೆಲ್ಲ ಮುಟ್ಟಿ ನೋಡಬೇಕು. ಒಂದು ಕಡೆ ಮಾತ್ರ ಬಿಸಿಯಿದ್ದರೆ ಒಳಗೆ ಗಾಯ ಆಗುತ್ತಿದೆ ಎಂದರ್ಥ, ಆ ಕಾಲಿಗೆ ವಿಶ್ರಾಂತಿ ಬೇಕು. ಚಪ್ಪಲಿಗೆ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಅಟ್ಟೆ, ಹಿಂದೆ ಪಟ್ಟಿ. ಮೊಳೆ ಹೊಡೆದ ಚಪ್ಪಲಿ ಖಂಡಿತ ಕೂಡದು.

ಇದನ್ನು ದಿನಾ ಮಾಡಬೇಕು. ವರ್ಷಕ್ಕೊಮ್ಮೆ ಬಂದು ಹಣ್ಣು ಹಂಚಿ ಫೋಟೋ ತೆಗೆಸಿಕೊಳ್ಳುವ ತಂಡಗಳಿಗಿಂತ ಈ ಹುಡುಗಿ ಎಷ್ಟೋ ಮೇಲು, ಅವಳಿಗೆ ನಿಜವಾದ ಮನಸ್ಸಿದೆ. ಆದರೆ ಆ "ಸಾಕು ಮಗಾ" ಕಿವಿ ಬಿಟ್ಟು ಹೋಗುತ್ತಿಲ್ಲ. ಅಜ್ಜಿಗೆ ಬಿಸಿ ತಿಳಿದು ಹೇಳಿದ್ದಲ್ಲ, ಪ್ರೀತಿಯಿಂದ ಬಂದ ಮಗುವಿನ ಮನಸ್ಸು ನೋಯಬಾರದೆಂದು ಹೇಳಿದ್ದು. ಸೇವೆ ಪಡೆಯುವವರು ಹೀಗೆ ನಮ್ಮನ್ನೇ ಕಾಪಾಡುತ್ತಿರುತ್ತಾರೆ. ಯೋಹಾನ 13ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆದದ್ದನ್ನು ಓದಿ ಬಂದವರಿಗೆ ಮೊದಲು ಈ ಮೊಣಕೈ ಪಾಠ ಹೇಳಿಕೊಡಬೇಕಿತ್ತು, ಯಾರೂ ಹೇಳಿರಲಿಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧ ಕೊಡತೊಡಗಿದ ಪಾದ್ರಿ ಅಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೂ ಆಸರೆ ಕಟ್ಟಿ, 1910ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಉಳಿದರು. ನಂಬಿಕೆಯ ಜೊತೆ ಅವರಿಗೆ ಔಷಧದ ತಿಳಿವಳಿಕೆಯೂ ಇತ್ತು.

ಹುಡುಗಿ ಕಣ್ಣೊರೆಸಿಕೊಂಡು ತಣ್ಣೀರು ತಂದಳು. ನೆನೆಸಿ, ಉಜ್ಜಿ, ಎಣ್ಣೆ ಸವರಿ, ಕೊನೆಗೆ ಸಿಸ್ಟರ್ ಹೇಳಿದಂತೆ ಪಾದದ ಕೆಳಗೆ ಕನ್ನಡಿ ಹಿಡಿದಳು. ಹಿಮ್ಮಡಿಯಲ್ಲಿ ಒಂದು ಮುರಿದ ಜಾಲಿಮುಳ್ಳು.

"ಯಾವಾಗ ಚುಚ್ಚಿತು ಅಜ್ಜಿ?"

ಅಜ್ಜಿ ಬಗ್ಗಿ ಕನ್ನಡಿಯನ್ನೇ ನೋಡಿದರು.