ಮಳೆಗೆ ಏಪ್ರಿಲ್ ಒಂದು ಗೊತ್ತಿಲ್ಲ

ಮೇ 14, 2025, ಬುಧವಾರ

ಕೃತ್ತಿಕೆ ಮಳೆ ಹುಟ್ಟಿ ಮೂರು ದಿನವಾಯಿತು. ನಿನ್ನೆ ಸಂಜೆ ಚೆನ್ನಾಗಿಯೇ ಹೊಡೆಯಿತು. ಹೀಗೆ ಮಳೆ ಬಂದ ಮರುದಿನ ವಿಶ್ವವಿದ್ಯಾಲಯದ ಕಟ್ಟಡ, ರಸ್ತೆ, ನೀರು ನೋಡಿಕೊಳ್ಳುವ ನಮ್ಮ ಎಂಜಿನಿಯರಿಂಗ್ ವಿಭಾಗದ ಫೋನು ಹತ್ತು ಗಂಟೆ ಆಗಲಿ ಅಂತ ಕಾಯುವುದಿಲ್ಲ. ಹುಡುಗಿಯರ ಹಾಸ್ಟೆಲಿನಲ್ಲಿ ಟ್ಯಾಂಕಿಗೆ ನೀರು ಏರಿಲ್ಲ. ಅತಿಥಿ ಗೃಹದ ರಸ್ತೆಗೆ ಅಕೇಶಿಯಾ ಮರ ಬಿದ್ದಿದೆ. ಗ್ರಂಥಾಲಯದ ಸಜ್ಜೆ ಕೆಳಗಿನ ಹೆಜ್ಜೇನು ಗಾಳಿಗೆ ಎದ್ದಿದೆ. ಗಣಿತ ವಿಭಾಗ ಸೋರುತ್ತಿದೆ.

ಗಣಿತ ವಿಭಾಗ ಪ್ರತಿ ವರ್ಷ ಸೋರುತ್ತದೆ. ಅದು ಸುದ್ದಿಯೇ ಅಲ್ಲ.

ಹಾಸ್ಟೆಲಿನಲ್ಲಿ ಮೋಟಾರು ಸುಟ್ಟಿರಲಿಲ್ಲ, ಒಂದು ಫೇಸ್ ಹೋಗಿತ್ತು ಅಷ್ಟೆ. ಎಲೆಕ್ಟ್ರಿಷಿಯನ್ ಹೋಗಿ ಸರಿ ಮಾಡಿದ. ಮರದ್ದು ಸ್ವಲ್ಪ ತಲೆನೋವು. ಬಿದ್ದ ಮರವನ್ನು ದಾರಿಯಿಂದ ಸರಿಸಬಹುದು. ಅದರ ಪಕ್ಕ ವಾಲಿಕೊಂಡು ನಿಂತಿರುವ ಇನ್ನೊಂದನ್ನು ಕಡಿಯಬೇಕೆಂದರೆ 1976ರ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಗೆ ಅರ್ಜಿ ಹಾಕಬೇಕು. ಅರ್ಜಿ ಬರೆದು ಕಳಿಸಿದೆ. ನಮ್ಮ ಜಾಗ, ನಾವೇ ನೆಟ್ಟ ಮರ, ಕಡಿಯೋಕೆ ಅವರನ್ನೇನು ಕೇಳೋದು ಅಂತ ಗೊಣಗುವವರು ಇದ್ದಾರೆ. ನನಗಂತೂ ಆ ಕಾಯ್ದೆ ಇರುವುದೇ ಸರಿ ಅನಿಸುತ್ತದೆ. ಇಲ್ಲದಿದ್ದರೆ ಕ್ಯಾಂಪಸ್ಸಿನ ಅರ್ಧ ಮರಗಳ ಜಾಗದಲ್ಲಿ ಈಗ ಕಾರು ನಿಂತಿರುತ್ತಿದ್ದವು.

ಹೆಜ್ಜೇನನ್ನು ಹೊಗೆ ಹಾಕಿ ಓಡಿಸಿ ಅಂತ ಗ್ರಂಥಾಲಯದವರ ಒತ್ತಾಯ. ಹೆಜ್ಜೇನು ವಲಸೆ ಹೋಗುವ ಹುಳ. ಮಳೆ ಹಿಡಿಯಿತೆಂದರೆ ತಾನೇ ಎದ್ದು ಹೋಗುತ್ತದೆ. ಈಗ ಕೆಣಕಿದರೆ ಓದಲು ಬಂದ ಮಕ್ಕಳ ಮೇಲೆ ಬೀಳುತ್ತದೆ. ಆ ಕಡೆಯ ಬಾಗಿಲು ಮುಚ್ಚಿಸಿ, ಹಗ್ಗ ಕಟ್ಟಿಸಿ, ಹಿಂದಿನ ಬಾಗಿಲಲ್ಲಿ ಓಡಾಡಿ ಅಂತ ಬೋರ್ಡು ಹಾಕಿಸಿದೆ.

ಆಮೇಲೆ ಮೇಸ್ತ್ರಿಯವರನ್ನು ಕರೆದುಕೊಂಡು ಗಣಿತ ವಿಭಾಗದ ತಾರಸಿ ಹತ್ತಿದೆ. ಪಾದ ಮುಳುಗುವಷ್ಟು ನೀರು. ನೀರಿನ ಮಧ್ಯೆ ಮುರಿದ ಬೆಂಚು, ಹಳೇ ಮಾನಿಟರು, ತುಕ್ಕು ಹಿಡಿದ ಬೀರು. ಇವನ್ನು ಎಸೆಯುವ ಹಾಗಿಲ್ಲ. ದಾಸ್ತಾನು ಪುಸ್ತಕದಲ್ಲಿ ಹೆಸರಿದೆ. ವಿಲೇವಾರಿ ಸಮಿತಿ ಕೂತು ತೀರ್ಮಾನ ಮಾಡುವವರೆಗೆ ತಾರಸಿಯೇ ಅವುಗಳ ಗೋದಾಮು. ಅಕೇಶಿಯಾ ಎಲೆ ಬೇಗ ಕೊಳೆಯುವುದಿಲ್ಲ. ನೀರು ಇಳಿಯುವ ಪೈಪಿನ ಬಾಯಿಗೆ ಚಾಪೆ ಹಾಸಿದ ಹಾಗೆ ಕೂತಿತ್ತು. ಜಾಲರಿ ಯಾವತ್ತೋ ಕಳಚಿ ಹೋಗಿದೆ. ಮೇಸ್ತ್ರಿ ತೋಳಿನವರೆಗೂ ಕೈ ಹಾಕಿ ಒಂದು ಹಿಡಿ ಎಳೆದರು. ನೀರು ಗಳಗಳ ಅಂತ ಇಳಿಯಿತು.

"ಇಷ್ಟಕ್ಕೇ ಮೇಡಂ, ಹೋದ ವರ್ಷ ಅಷ್ಟೊಂದು ಕೆಮಿಕಲ್ ಬಳಿಸಿದ್ದು" ಅಂದರು.

ಅಷ್ಟಕ್ಕೇ ಅಲ್ಲ, ಆದರೆ ಅವರ ಮಾತಿನಲ್ಲಿ ಮುಕ್ಕಾಲು ನಿಜವಿದೆ. ಸಾವಿರ ಚದರಡಿ ತಾರಸಿ ಮೇಲೆ ನಾಲ್ಕು ಇಂಚು ನೀರು ನಿಂತರೆ ಒಂಬತ್ತು ಸಾವಿರ ಲೀಟರಿಗೂ ಜಾಸ್ತಿ. ಅಂದರೆ ಒಂಬತ್ತು ಟನ್ನಿಗೂ ಹೆಚ್ಚು ಭಾರ. ಭಾರ ಬಿಡಿ, ಸ್ಲ್ಯಾಬು ಹೇಗೋ ತಡೆದುಕೊಳ್ಳುತ್ತದೆ. ನಿಂತ ನೀರು ಕೂದಲೆಳೆಯಷ್ಟು ಬಿರುಕು ಸಿಕ್ಕಿದರೂ ಒಳಗಿನ ಕಬ್ಬಿಣದವರೆಗೆ ಹೋಗುತ್ತದೆ. ಕಬ್ಬಿಣ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ. ಊದಿದ ಕಬ್ಬಿಣ ಕಾಂಕ್ರೀಟನ್ನು ಒಳಗಿಂದಲೇ ನೂಕುತ್ತದೆ. ಕೆಳಗೆ ತರಗತಿಯಲ್ಲಿ ಕೂತವರ ತಲೆ ಮೇಲೆ ಚಕ್ಕೆ ಬೀಳುವುದು ಹೀಗೆ. ಅದನ್ನು ಕೆಳಗಿಂದ ಸಿಮೆಂಟು ಮೆತ್ತಿ ಮುಚ್ಚಿದರೆ ಏನೂ ಆಗುವುದಿಲ್ಲ. ಮೇಲಿನ ನೀರು ಹೋಗಬೇಕು. ಅದಕ್ಕೆ ಹತ್ತು ಅಡಿಗೆ ಒಂದು ಇಂಚಾದರೂ ಇಳಿಜಾರು ಬೇಕು. ಈ ತಾರಸಿಗೆ ಹಿಂದೆ ಇಳಿಜಾರು ಇತ್ತು. ಸೋರಿದಾಗಲೆಲ್ಲ ಸೋರಿದ ಕಡೆ ಮಾತ್ರ ಒಂದು ಪದರ ಗಾರೆ ಹಾಕಿ, ಹಾಕಿ, ಈಗ ನಡುವೆ ತಗ್ಗು, ಅಂಚಿನಲ್ಲಿ ದಿಬ್ಬ.

ಪ್ಯಾರಪೆಟ್ ಸಂದಿಯಲ್ಲಿ ಒಂದು ಅರಳಿ ಸಸಿ ಬೇರೆ. ಹಕ್ಕಿ ಉದುರಿಸಿದ ಬೀಜ. ಅರಳಿಗೆ ಕತ್ತಿ ಹಾಕೋಕೆ ನಮ್ಮ ಕೆಲಸದವರಿಗೆ ಮನಸ್ಸಾಗುವುದಿಲ್ಲ. ಮೇಸ್ತ್ರಿಯವರೂ ಹಿಂದೆ ಮುಂದೆ ನೋಡಿದರು. ಕೊನೆಗೆ ಇಟ್ಟಿಗೆಯನ್ನೇ ಬಿಡಿಸಿ ಬೇರು ಸಮೇತ ತೆಗೆದು, ಕೆರೆ ಏರಿ ಹತ್ತಿರ ನೆಡುತ್ತೇನೆ ಅಂತ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋದರು. ಎಂಜಿನಿಯರ್ ಆಗಿ ಹೇಳಬೇಕೆಂದರೆ ಅದೇ ಸರಿಯಾದ ವಿಧಾನ. ಮೇಲೆ ಕತ್ತರಿಸಿದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ, ಬೇರು ಇನ್ನೂ ದಪ್ಪವಾಗುತ್ತದೆ.

ಈಗ ನನ್ನ ಹಳೇ ರಾಗ. ತಾರಸಿ ದುರಸ್ತಿಗೆ ಕಾಂಕ್ರೀಟು ಪೂರ್ತಿ ಒಣಗಿರಬೇಕು. ನಮ್ಮ ಕಡೆ ಅದು ಫೆಬ್ರವರಿಯಿಂದ ಏಪ್ರಿಲ್ ನಡುವೆ. ಆಗ ದುಡ್ಡಿನ ಕಥೆ ಏನು? ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿಯುತ್ತದೆ. ಫೆಬ್ರವರಿ ಬಂತೆಂದರೆ ಉಳಿದ ಅನುದಾನ ಬೇಗ ಖರ್ಚು ಮಾಡಿ ಅಂತ ಒತ್ತಡ. ಬೇಗ ಮುಗಿಯುವ ಕೆಲಸ ಅಂದರೆ ಬಣ್ಣ. ಹಾಗಾಗಿ ಮಾರ್ಚಿನಲ್ಲಿ ಸೋರುವ ಗೋಡೆಗೇ ಬಣ್ಣ ಬೀಳುತ್ತದೆ. ಜುಲೈಯಲ್ಲಿ ಅದೇ ಬಣ್ಣ ಹಪ್ಪಳೆ ಏಳುತ್ತದೆ. ಏಪ್ರಿಲ್ ಒಂದಕ್ಕೆ ಹೊಸ ವರ್ಷ. ಆಗ ಎಸ್ಟಿಮೇಟು, ತಾಂತ್ರಿಕ ಮಂಜೂರಾತಿ, ಆಡಳಿತ ಮಂಜೂರಾತಿ, ಟೆಂಡರು, ವರ್ಕ್ ಆರ್ಡರು. ಗುತ್ತಿಗೆದಾರ ಸಾಮಾನು ತಂದು ಇಳಿಸುವ ಹೊತ್ತಿಗೆ ಜೂನ್ ಕೊನೆಯ ಆರಿದ್ರಾ ಮಳೆ. ಒದ್ದೆ ಸ್ಲ್ಯಾಬಿನ ಮೇಲೆ ಬಳಿದದ್ದು ಎಷ್ಟು ದಿನ ನಿಂತೀತು? ಬೇಗ ಆಗಲಿ ಅಂತ ಟೆಂಡರು ತಪ್ಪಿಸಿ ಒಂದೇ ಕೆಲಸವನ್ನು ತುಂಡು ತುಂಡು ಮಾಡಿ ಕೊಡುವ ದಾರಿಯೂ ಇದೆ. ಆಡಿಟ್‌ನವರು ಅದನ್ನು ಸುಮ್ನೆ ಬಿಡುವುದಿಲ್ಲ, ಬಿಡಲೂಬಾರದು.

ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ದಸರಾ ಹೊತ್ತಿಗೆ ಟೆಂಡರು ಕರೆಯಬೇಕು. ಸೋರುವ ಜಾಗ ಆಗ ಎಲ್ಲರ ಕಣ್ಣ ಮುಂದೆಯೇ ಇರುತ್ತದೆ, ಗುರುತು ಹಾಕುವುದೂ ಸುಲಭ. ಸಂಕ್ರಾಂತಿಗೆ ವರ್ಕ್ ಆರ್ಡರು, ಯುಗಾದಿಯೊಳಗೆ ಕೆಲಸ ಮುಗಿದು, ಆದ ಕೆಲಸ ದಾಖಲಿಸುವ ಅಳತೆ ಪುಸ್ತಕಕ್ಕೆ ಏರಬೇಕು. ಪೈಪಿನ ಬಾಯಿ ಬಿಡಿಸುವುದು, ಚರಂಡಿ ಹೂಳು ತೆಗೆಯುವುದು ಭರಣಿ ಮಳೆಗೆ ಮೊದಲೇ ಆಗಬೇಕು. ಇದನ್ನೆಲ್ಲ ಮಳೆ ನಕ್ಷತ್ರದ ಹೆಸರು ಹಾಕಿಯೇ ಒಂದು ಪಟ್ಟಿ ಮಾಡಿ ಕಡತದಲ್ಲಿ ಮಂಡಿಸಿದ್ದೆ. ನಮ್ಮ ಹಣಕಾಸು ಅಧಿಕಾರಿ ನಿವೃತ್ತಿ ಹತ್ತಿರವಿರುವ ಹಿರಿಯರು. "ನೋಡಮ್ಮ, ನೀನು ಹೇಳೋದು ಸರಿ. ಆದ್ರೆ ಕಡತದಲ್ಲಿ ಪಂಚಾಂಗ ಬರೀಬೇಡ" ಅಂದರು. ನಕ್ಷತ್ರ ತೆಗೆದು ತಾರೀಕು ಹಾಕಿ ಮತ್ತೆ ಕಳಿಸಿದ್ದೇನೆ.

ಮಧ್ಯಾಹ್ನ ಕಟ್ಟಡ ಸಮಿತಿ ಸಭೆ. ವಿಷಯ: ಹೊಸ ತರಗತಿ ಬ್ಲಾಕು. ಕಟ್ಟಡಕ್ಕೆ ಅನುದಾನ ಬರುತ್ತದೆ. ಶಂಕುಸ್ಥಾಪನೆ, ಉದ್ಘಾಟನೆ, ಕಲ್ಲಿನ ಫಲಕ ಎಲ್ಲವೂ ಇದೆ. ಪೈಪಿನ ಜಾಲರಿಗೆ ಫಲಕ ಹಾಕುವವರು ಯಾರು? ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1990ರಲ್ಲಿ ಸಾರ್ವಜನಿಕ ಕಟ್ಟಡಗಳ ಬಗ್ಗೆ ಒಂದು ವರದಿ ಕೊಟ್ಟಿತ್ತು. ಇರುವ ಕಟ್ಟಡಗಳನ್ನು ಇವತ್ತು ಹೊಸದಾಗಿ ಕಟ್ಟಲು ಎಷ್ಟಾಗುತ್ತದೋ ಅದರಲ್ಲಿ ನೂರಕ್ಕೆ 2ರಿಂದ 4ರಷ್ಟನ್ನು ಪ್ರತಿ ವರ್ಷ ನಿರ್ವಹಣೆಗೆ ಇಡಬೇಕು ಅಂತ. ಆ ಲೆಕ್ಕದಲ್ಲಿ ಹತ್ತು ಕೋಟಿಯ ಕಟ್ಟಡಕ್ಕೆ ವರ್ಷಕ್ಕೆ 20ರಿಂದ 40 ಲಕ್ಷ. ಇದನ್ನು ಸಭೆಯಲ್ಲಿ ಹೇಳಿದೆ. "ಅದು ಅಮೆರಿಕ" ಅಂದರು ಒಬ್ಬರು. ಮಳೆ ನಮ್ಮಲ್ಲೇ ಜಾಸ್ತಿ ಸಾರ್ ಅಂದೆ.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟಡವನ್ನು ವಿನ್ಯಾಸ ಮಾಡಿದ ಬಾಲಕೃಷ್ಣ ದೋಶಿ ಅವರ ಬಗ್ಗೆ ವಾಸ್ತುಶಿಲ್ಪದವರು ಮಾತಾಡುವಾಗ ನೆರಳು, ಬೆಳಕು, ಫತೇಪುರ್ ಸಿಕ್ರಿ ಎಲ್ಲ ಬರುತ್ತದೆ. ನನ್ನ ಕಣ್ಣಿಗೆ ಮೊದಲು ಬೀಳುವುದು ಆ ಕಲ್ಲಿನ ಗೋಡೆ. ಗಾರೆ ಇಲ್ಲ, ಬಣ್ಣ ಇಲ್ಲ. ಅಂಥ ಗೋಡೆಗೆ ಮಾರ್ಚ್ ತಿಂಗಳ ಕಾಟವೇ ಇಲ್ಲ. ನಮ್ಮ ಹೊಸ ಬ್ಲಾಕಿನ ನಕ್ಷೆಯಲ್ಲಿ ಮುಂದುಗಡೆ ಪೂರ್ತಿ ಗಾಜು. ಮೂರನೇ ಮಹಡಿಯ ಗಾಜು ಒರೆಸುವವರು ಹೇಗೆ ಹತ್ತುತ್ತಾರೆ ಅಂತ ಕೇಳಿದೆ. ಅದು ಆಮೇಲಿನ ಮಾತು ಅಂದರು. ಎಲ್ಲವೂ ಆಮೇಲಿನ ಮಾತೇ.

ರ‍್ಯಾಂಪ್ ಕೂಡ ಹಾಗೇ. ಕಟ್ಟಡದ ಬುಡ ನೆಲದಿಂದ ಮೂರು ಅಡಿ ಎತ್ತರ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಅನ್ನುವುದು ನಿಯಮ. ಅಂದರೆ 36 ಅಡಿ, ನಡುವೆ ನಿಲ್ಲಲು ಸಮತಟ್ಟು ಜಾಗ ಬೇರೆ. ನಕ್ಷೆಯಲ್ಲಿ ಸ್ಕೇಲು ಇಟ್ಟು ನೋಡಿದರೆ ಅರ್ಧವೂ ಇಲ್ಲ. ಅಷ್ಟು ಕಡಿದಾದ ರ‍್ಯಾಂಪಿನಲ್ಲಿ ಗಾಲಿಕುರ್ಚಿಯಲ್ಲಿರುವ ಹುಡುಗ ಒಬ್ಬನೇ ಹತ್ತಲಾರ, ಇಳಿಯುವುದಂತೂ ಅಪಾಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೂ ರ‍್ಯಾಂಪ್ ಅಂದರೆ ಕಾಲೇಜುಗಳ ಗುಣಮಟ್ಟ ಅಳೆಯಲು ಬರುವ ನ್ಯಾಕ್ ತಂಡಕ್ಕೆ ತೋರಿಸುವ ಫೋಟೊ ಅಂತಲೇ ತಿಳಿದವರಿದ್ದಾರೆ. ಈ ತಿದ್ದುಪಡಿಯನ್ನು ಮಾತ್ರ ಎಲ್ಲರೂ ತಕ್ಷಣ ಒಪ್ಪಿದರು. ಖುಷಿಯಾಯಿತು.

ಜಾಗದ ವಿಷಯದಲ್ಲಿ ಜಗಳವೇ ಆಯಿತು. ಆಟದ ಮೈದಾನದ ಹಿಂದಿನ ತಗ್ಗು ಖಾಲಿ ಇದೆ ಅಲ್ವಾ ಅಂತ. ಅದು ಖಾಲಿ ಇರುವುದು ಯಾಕೆಂದರೆ ಮೇಲಿನ ಗುಡ್ಡದ ನೀರು ಅಲ್ಲಿಂದಲೇ ಕೆರೆಗೆ ಹೋಗುತ್ತದೆ. ಬೇಸಿಗೆಯಲ್ಲಿ ನಕ್ಷೆ ಮಾಡಿದವರಿಗೆ ಅದು ಬರೀ ಒಣ ನೆಲ. ಮೈಸೂರಿನಲ್ಲಿ ಕುವೆಂಪು ಕುಲಪತಿಯಾಗಿದ್ದ ಕಾಲಕ್ಕೆ ರೂಪುಗೊಂಡು 1960ರಲ್ಲಿ ಶುರುವಾದ ಮಾನಸಗಂಗೋತ್ರಿಯನ್ನು ನೋಡಿ. ಮಗ್ಗುಲಲ್ಲೇ ಕುಕ್ಕರಹಳ್ಳಿ ಕೆರೆ. ಕೆರೆ ಕೆರೆಯಾಗಿಯೇ ಉಳಿದಿದೆ, ಅದನ್ನು ನೋಡಿಕೊಳ್ಳುವ ಹೊಣೆಯೂ ವಿಶ್ವವಿದ್ಯಾಲಯದ್ದೇ. 1905ರ ಜಯಲಕ್ಷ್ಮಿ ವಿಲಾಸ ಅರಮನೆಯೂ ಆ ಆವರಣದಲ್ಲೇ ಇದೆ. ಅದನ್ನು ಕೆಡವಿ ಬ್ಲಾಕು ಕಟ್ಟಲಿಲ್ಲ, ಜಾನಪದ ವಸ್ತುಸಂಗ್ರಹಾಲಯ ಮಾಡಿದರು. ಅಂಥ ಹಳೇ ಕಟ್ಟಡ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಅಲ್ಲಿನವರಿಗೇ ಗೊತ್ತು. ಆದರೂ ಜಾಗ ಆರಿಸುವಾಗ ನೀರನ್ನೂ ಮರವನ್ನೂ ಎಣಿಕೆಗೆ ತೆಗೆದುಕೊಂಡ ಕಾಲ ಒಂದಿತ್ತು.

ಅಸಲಿಗೆ ನಮಗೆ ಹೊಸ ಬ್ಲಾಕು ಬೇಕಾ ಅನ್ನುವುದೇ ನನ್ನ ಪ್ರಶ್ನೆ. ಸೋಮವಾರದಿಂದ ಶನಿವಾರ, ದಿನಕ್ಕೆ ಆರು ಗಂಟೆ ಅಂದರೆ ಒಂದು ಕೊಠಡಿಗೆ ವಾರಕ್ಕೆ 36 ಗಂಟೆ ಕೆಲಸ. ಅದರಲ್ಲಿ 18 ಗಂಟೆ ಪಾಠ ನಡೆದರೆ ಅರ್ಧ ಬಳಕೆ. 60 ಜನರ ಕೊಠಡಿಯಲ್ಲಿ 30 ಜನ ಕೂತಿದ್ದರೆ ಆ ಅರ್ಧದಲ್ಲೂ ಅರ್ಧ. ಕಾಲು ಭಾಗ ಬಳಸುತ್ತಾ ಜಾಗ ಸಾಲದು ಅನ್ನುತ್ತಿರಬಹುದು ನಾವು. ಇರಬಹುದು ಅನ್ನುತ್ತೇನೆ, ಯಾಕೆಂದರೆ ಯಾರೂ ಎಣಿಸಿಲ್ಲ. ಕೊಠಡಿ ವಿಶ್ವವಿದ್ಯಾಲಯದ್ದು ಅಂತ ಕಾಗದದಲ್ಲಿದೆ. ನಿಜದಲ್ಲಿ ಕೀಲಿ ಯಾರ ಹತ್ತಿರ ಇದೆಯೋ ಕೊಠಡಿ ಅವರದ್ದು. ಒಂದು ವಿಭಾಗ ವರಾಂಡದಲ್ಲಿ ಪಾಠ ಮಾಡುತ್ತಿದ್ದರೂ ಪಕ್ಕದ ವಿಭಾಗದ ಬೀಗ ತೆರೆಯುವುದಿಲ್ಲ. ಕೊಟ್ಟರೆ ಮತ್ತೆ ವಾಪಸು ಬರಲ್ಲ ಮೇಡಂ ಅಂತ ಮುಖ್ಯಸ್ಥರೊಬ್ಬರು ನೇರವಾಗಿಯೇ ಹೇಳಿದ್ದರು. ಅವರ ಭಯವೂ ಸುಳ್ಳಲ್ಲ.

ಸಭೆಯಲ್ಲಿ ಇನ್ನೊಂದು ಮಾತು ಹೇಳಬೇಕಾಯಿತು. 2022ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಕಟ್ಟಡ ಮಳೆಗಾಲದಲ್ಲಿ ಕುಸಿಯಿತು. ಅಪಾಯ ಕಂಡು ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದರಿಂದ ಜೀವ ಉಳಿಯಿತು. ಅಂಥದ್ದು ಒಂದು ಬೆಳಗ್ಗೆ ದಿಢೀರನೆ ಆಗುವುದಿಲ್ಲ. ಗೋಡೆ ವರ್ಷಗಟ್ಟಲೆ ನೀರು ಕುಡಿದಿರುತ್ತದೆ. ಇದನ್ನು ಕೇಳಿದ ಮೇಲೆ ಕುಲಸಚಿವರು ಸ್ವಲ್ಪ ಹೊತ್ತು ಪೆನ್ನು ತಿರುಗಿಸುತ್ತಾ ಕೂತರು. ಕೊನೆಗೆ ತೀರ್ಮಾನ ಹೀಗಾಯಿತು. ಜಾಗವನ್ನು ಜುಲೈಯಲ್ಲಿ, ಮಳೆ ಹಿಡಿದಾಗ, ಸಮಿತಿಯೇ ಹೋಗಿ ನೋಡುವುದು. ಅಷ್ಟರಲ್ಲಿ ಇರುವ ಎಲ್ಲಾ ಕೊಠಡಿಗಳ ಪಟ್ಟಿ ಮಾಡುವುದು: ಅಳತೆ, ಬೆಂಚು, ವೇಳಾಪಟ್ಟಿ, ತಾರಸಿಯ ಸ್ಥಿತಿ. ಗಣಿತ ವಿಭಾಗದ ಇಳಿಜಾರಿಗೆ ಎಸ್ಟಿಮೇಟು ಕೊಡಿ, ನೋಡೋಣ ಅಂದರು. ನೋಡೋಣ ಅಂದರೆ ನಮ್ಮಲ್ಲಿ ಇಲ್ಲ ಅಂತಲೂ ಆಗುತ್ತದೆ. ಆದರೂ ರಾತ್ರಿಯೇ ಕೂತು ಎಸ್.ಆರ್. ದರ, ಅಂದರೆ ಸರ್ಕಾರದ ದರಪಟ್ಟಿಯ ದರ, ಹಾಕಿ ಅರ್ಧ ಮುಗಿಸಿದ್ದೇನೆ.

ನಾಳೆಯಿಂದ ಕೊಠಡಿ ಎಣಿಕೆ. ಜವಾನರೊಬ್ಬರು, ಟೇಪು, ಟಾರ್ಚು. ಕೆಲವು ವಿಭಾಗಗಳ ಕೀಲಿ ಮುಖ್ಯಸ್ಥರ ಮನೆಯಲ್ಲಿದೆ, ಅವರೋ ರಜೆಯಲ್ಲಿ ಊರಿಗೆ ಹೋಗಿದ್ದಾರೆ. ಅಂಥ ಕೊಠಡಿಗಳ ಮುಂದೆ 'ತೆರೆಯಲಾಗಿಲ್ಲ' ಅಂತ ಬರೆಯುತ್ತೇನೆ. ಆ ಕಲಂ ಉದ್ದವಾದಷ್ಟೂ ಜುಲೈ ಸಭೆಯಲ್ಲಿ ನನಗೆ ಮಾತಾಡುವ ಕೆಲಸ ಕಡಿಮೆ.