ವಕೀಲರಿಲ್ಲದ ಮೇಲ್ಮನವಿ

ಕ್ಯಾಲಿಫೋರ್ನಿಯಾದಲ್ಲಿ ನಾನು ದುಡಿಯುತ್ತಿದ್ದ ಸಂಸ್ಥೆಯ ಮೇಲೆ, 1964ರ ನಾಗರಿಕ ಹಕ್ಕುಗಳ ಕಾಯ್ದೆಯಡಿ ಹೂಡಿದ್ದ ತಾರತಮ್ಯದ ದಾವೆಯನ್ನು ಫೆಡರಲ್ ಜಿಲ್ಲಾ ನ್ಯಾಯಾಲಯವು ಸಾಕ್ಷ್ಯದ ಹಂತಕ್ಕೂ ಒಯ್ಯದೆ, ದೂರಿನಲ್ಲಿ ಹುರುಳಿಲ್ಲವೆಂದು ವಜಾ ಮಾಡಿತು. ದೂರನ್ನು ತಿದ್ದಿ ಬರೆಯಲು ಅವಕಾಶವನ್ನೂ ಕೊಡಲಿಲ್ಲ. ವಕೀಲರು ಕೇಳಿದ ಮುಂಗಡ ಹಣ ನನ್ನ ಆರು ತಿಂಗಳ ಮನೆ ಬಾಡಿಗೆಗಿಂತ ಹೆಚ್ಚಿದ್ದುದರಿಂದ, ಮೇಲ್ಮನವಿಯನ್ನು ನಾನೇ ನಡೆಸುವುದೆಂದು ನಿಶ್ಚಯಿಸಿದೆ.

ತೀರ್ಪು ದಾಖಲಾದ 30 ದಿನಗಳೊಳಗೆ ಮೇಲ್ಮನವಿ ಹೂಡುತ್ತಿದ್ದೇನೆಂಬ ನೋಟಿಸ್ ಸಲ್ಲಿಸಬೇಕು. ಗಡುವಿನ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಷ್ಟು ಕಠೋರವೆಂದರೆ, 2007ರ ಬೋಲ್ಸ್ ಪ್ರಕರಣದಲ್ಲಿ, ಮುಗಿದುಹೋದ ಗಡುವನ್ನು ಮತ್ತೆ ತೆರೆಯುವಾಗ 14 ದಿನ ಕೊಡಬೇಕಾದ ಕಡೆ ಜಿಲ್ಲಾ ನ್ಯಾಯಾಧೀಶರೇ ತಪ್ಪಿ 17 ದಿನ ಕೊಟ್ಟಿದ್ದರೂ, ಅದನ್ನು ನಂಬಿ 16ನೆಯ ದಿನ ಬಂದವನ ಮೇಲ್ಮನವಿಯನ್ನು ತಳ್ಳಿಹಾಕಿತು. ಅದನ್ನು ಓದಿದ ಮೇಲೆ ಕಾಯುವ ಧೈರ್ಯ ನನಗೆ ಉಳಿಯಲಿಲ್ಲ. 22ನೆಯ ದಿನವೇ ಹೋದೆ. ವಿಚಿತ್ರವೆಂದರೆ, ಆ ನೋಟಿಸನ್ನು ಕೊಡಬೇಕಾದದ್ದು ನನ್ನನ್ನು ಸೋಲಿಸಿದ ಅದೇ ನ್ಯಾಯಾಲಯದ ಕಚೇರಿಯಲ್ಲಿ. ಯಾರು, ಯಾವ ಆದೇಶದ ವಿರುದ್ಧ, ಯಾವ ನ್ಯಾಯಾಲಯಕ್ಕೆ ಎಂಬಷ್ಟನ್ನೇ ತಿಳಿಸುವ ಒಂದು ಪುಟ; ಶುಲ್ಕ 605 ಡಾಲರ್. ಗುಮಾಸ್ತರು ಮುದ್ರೆಯೊತ್ತಿ ಪ್ರತಿಯನ್ನು ಹಿಂದಿರುಗಿಸಿದರು.

ನಿಜವಾದ ಕಷ್ಟ ಶುರುವಾದದ್ದು ವಾದಪತ್ರ ಬರೆಯುವಾಗ. ವಕೀಲರಿಲ್ಲದವರಿಗೆಂದು, ಕ್ಯಾಲಿಫೋರ್ನಿಯಾದ ಫೆಡರಲ್ ಮೇಲ್ಮನವಿಗಳನ್ನು ಕೇಳುವ ಒಂಬತ್ತನೆಯ ಸರ್ಕಿಟ್ ನ್ಯಾಯಾಲಯ ಸರಳವಾದ ನಮೂನೆಯೊಂದನ್ನು ಒದಗಿಸುತ್ತದೆ. ನಾನು 19 ಪುಟ ತುಂಬಿಸಿದೆ: ಮ್ಯಾನೇಜರ್ ನನ್ನ ಉಚ್ಚಾರಣೆಯನ್ನು ಅಣಕಿಸಿದ್ದು, ಬಡ್ತಿ ಎರಡು ಸಲ ಕೈತಪ್ಪಿದ್ದು, ಸಭೆಯಲ್ಲಿ ಉಳಿದವರು ನಕ್ಕಿದ್ದು. ಹೆಂಡತಿ ಓದಿ, "ಏನ್ರೀ, ಇದರಲ್ಲಿ ಜಡ್ಜ್ ಎಲ್ಲಿದ್ದಾರೆ? ಬರೀ ನಿಮ್ಮ ಮ್ಯಾನೇಜರೇ ತುಂಬಿಕೊಂಡಿದ್ದಾರಲ್ಲ" ಎಂದಳು. ಕಾನೂನು ಓದದ ಅವಳಿಗೆ ಹೊಳೆದದ್ದು, ವಾರಗಟ್ಟಲೆ ಪುಸ್ತಕ ತಿರುವಿದ ನನಗೆ ಹೊಳೆದಿರಲಿಲ್ಲ. ಮೇಲಿನ ನ್ಯಾಯಾಲಯ ಕೇಳುವುದು ನನಗೇನಾಯಿತು ಎಂದಲ್ಲ, ಕೆಳಗಿನ ನ್ಯಾಯಾಲಯ ಕಾನೂನಿನಲ್ಲಿ ಎಲ್ಲಿ ತಪ್ಪಿತು ಎಂದು.

ಎಲ್ಲವನ್ನೂ ಬದಿಗಿಟ್ಟು ಎರಡೇ ಅಂಶಗಳ ಮೇಲೆ ಮತ್ತೆ ಬರೆದೆ. ಮೊದಲನೆಯದು, ಉದ್ಯೋಗದ ತಾರತಮ್ಯವನ್ನು ದೂರಿನಲ್ಲಿಯೇ ರುಜುವಾತು ಮಾಡಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2002ರ ಸ್ವಿಯರ್‌ಕೀವಿಚ್ ತೀರ್ಪಿನಲ್ಲಿ ಹೇಳಿರುವುದು. ಎರಡನೆಯದು, ದೂರಿನ ಕೊರತೆ ಸರಿಪಡಿಸಲಾಗದಂಥದ್ದೆಂದು ಖಚಿತವಾಗದ ಹೊರತು, ವಕೀಲರಿಲ್ಲದವನಿಗೆ ಅದನ್ನು ತಿದ್ದಲು ಅವಕಾಶ ಕೊಡಬೇಕೆಂಬ ಒಂಬತ್ತನೆಯ ಸರ್ಕಿಟ್‌ನದೇ ನಿಯಮ. ಬಿಡಲು ಸಂಕಟವಾದದ್ದು ಒಂದೇ: ವಜಾ ಆದ ಮೇಲೆ ಹಳೆಯ ಸಹೋದ್ಯೋಗಿಯೊಬ್ಬರು ಕಳುಹಿಸಿದ, ನನ್ನ ಮಾತನ್ನು ಪೂರ್ಣವಾಗಿ ಸಮರ್ಥಿಸುವ ಮಿಂಚಂಚೆ. ಕೆಳ ನ್ಯಾಯಾಲಯದ ಕಡತದಲ್ಲಿಲ್ಲದ್ದನ್ನು ಮೇಲ್ಮನವಿಯಲ್ಲಿ ಮುಂದಿಡುವಂತಿರಲಿಲ್ಲ.

ವರ್ಷ ಕಳೆದ ಮೇಲೆ, ಮೌಖಿಕ ವಾದವಿಲ್ಲದೆ, ಮೂರು ಪುಟಗಳ ಆದೇಶ ಬಂತು. ಮೊದಲ ಅಂಶವನ್ನು ಅವರು ಒಪ್ಪಲಿಲ್ಲ. ಎರಡನೆಯದನ್ನು ಒಪ್ಪಿ, ದೂರನ್ನು ತಿದ್ದಿಕೊಳ್ಳಲೆಂದು ಪ್ರಕರಣವನ್ನು ಹಿಂದಕ್ಕೆ ಕಳುಹಿಸಿದ್ದರು. ಆ ಮಿಂಚಂಚೆಯ ಸಾರಾಂಶ ಈಗ ತಿದ್ದಿದ ದೂರಿನ 23ನೆಯ ಪ್ಯಾರಾದಲ್ಲಿದೆ.